ಶಾಸಕರ ಕಚೇರಿ: ಯಾವುದಕ್ಕೆ ಹೋಗಬೇಕು, ಯಾವುದಕ್ಕೆ ಹೋಗಬಾರದು

ಕರ್ನಾಟಕದಲ್ಲಿ 224 ವಿಧಾನಸಭಾ ಕ್ಷೇತ್ರಗಳಿವೆ. ಯಾವ ಕ್ಷೇತ್ರದ ಶಾಸಕರ ಕಚೇರಿಗೆ ಹೋದರೂ ಬೆಳಿಗ್ಗೆ ಸಾಲು ನಿಂತವರಲ್ಲಿ ಹೆಚ್ಚಿನವರು ಕೇಳುವುದು ಒಂದೇ: ಲೆಟರ್‌ಹೆಡ್ ಮೇಲೆ ಒಂದು ಶಿಫಾರಸು ಪತ್ರ. ಆ ಕಚೇರಿಯಲ್ಲಿ ಸಿಗುವ ಸೇವೆಗಳ ಪೈಕಿ ತೀರಾ ಕಡಿಮೆ ಕೆಲಸಕ್ಕೆ ಬರುವುದೂ ಅದೇ.

ಪತ್ರದ ಮೇಲೆ "ನಿಯಮಾನುಸಾರ ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಿ" ಎಂಬ ಷರಾ ಇದ್ದರೆ, ಅಧಿಕಾರಿ ಅದನ್ನು ಟಪಾಲಿಗೆ ಹಾಕಿ ಮರೆಯಬಹುದು. ನಿಯಮಾನುಸಾರ ಅಂದಮೇಲೆ ಪತ್ರ ಇಲ್ಲದೆಯೂ ಆಗಬೇಕಾದ ಕೆಲಸವದು. ಪಿಂಚಣಿ, ಜಾತಿ–ಆದಾಯ ಪ್ರಮಾಣಪತ್ರದಂಥವು, ಗಡುವಿನೊಳಗೆ ಸೇವೆ ಕೊಡಲೇಬೇಕೆನ್ನುವ ಸಕಾಲ ಕಾಯ್ದೆಯಡಿ ಬರುತ್ತವೆ. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಸಂಖ್ಯೆ ಪಡೆದರೆ ಗಡುವು ಅಂದಿನಿಂದಲೇ ಎಣಿಕೆಯಾಗುತ್ತದೆ. ತಡವಾದರೆ ಮೇಲ್ಮನವಿ ಹಾಕಬಹುದು. ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವೂ ಇದೆ. ಶಿಕ್ಷಕರ ವರ್ಗಾವಣೆಯಂತೂ 2020ರ ಕಾಯ್ದೆಯಡಿ ಕೌನ್ಸೆಲಿಂಗ್‌ನಲ್ಲಿ ನಡೆಯುವಂಥದ್ದು. ಇಂಥವಕ್ಕೆಲ್ಲ ಪತ್ರಕ್ಕಾಗಿ ಕಾಯುವುದು ದಿನ ಹಾಳು. ಪತ್ರ ತಗೊಂಡೇ ತೀರಬೇಕಿದ್ದರೆ, ಅದನ್ನು ಇಲಾಖೆಯಲ್ಲಿ ಕೊಡುವಾಗ ಟಪಾಲು ಸಂಖ್ಯೆ ಬರೆಸಿಕೊಳ್ಳಿ, ಕೆಲಸ ಆಗುವುದಿಲ್ಲ ಎಂದರೆ ಬಾಯಿಮಾತಿಗೆ ಒಪ್ಪದೆ ಲಿಖಿತ ಹಿಂಬರಹ ಕೇಳಿ. ಮುಂದಿನ ಹೆಜ್ಜೆಗೆ ಆಧಾರ ಆ ಹಿಂಬರಹವೇ.

ಇನ್ನು ಅನುದಾನದ ವಿಷಯ. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಯಲ್ಲಿ ಒಬ್ಬೊಬ್ಬರಿಗೆ ವರ್ಷಕ್ಕೆ 2 ಕೋಟಿ ರೂಪಾಯಿ. ಕೇಳಲು ದೊಡ್ಡ ಮೊತ್ತ. ಆದರೆ 2023ರ ಚುನಾವಣೆಯಲ್ಲಿ ರಾಜ್ಯದ ಮತದಾರರು 5.3 ಕೋಟಿ ಇದ್ದರು. ಸರಾಸರಿ ಹಿಡಿದರೆ ಕ್ಷೇತ್ರಕ್ಕೆ ಎರಡೂಕಾಲು ಲಕ್ಷ ದಾಟುತ್ತದೆ. ಅಂದರೆ ಒಬ್ಬ ಮತದಾರನ ಪಾಲಿಗೆ ವರ್ಷಕ್ಕೆ 85 ರೂಪಾಯಿ ಆಸುಪಾಸು. ಹಣ ಶಾಸಕರ ಕೈಗೆ ಬರುವುದೂ ಇಲ್ಲ, ಇರುವುದು ಜಿಲ್ಲಾಧಿಕಾರಿ ಬಳಿ. ಶಾಸಕರು ಕಾಮಗಾರಿಯ ಹೆಸರು ಬರೆದು ಕಳಿಸುತ್ತಾರೆ. ಅಂದಾಜು ಪಟ್ಟಿ, ಆಡಳಿತಾತ್ಮಕ ಅನುಮೋದನೆ ಆದಮೇಲೆ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗವೋ ನಿರ್ಮಿತಿ ಕೇಂದ್ರವೋ ಕೆಆರ್‌ಐಡಿಎಲ್‌ ಸಂಸ್ಥೆಯೋ (ಸರ್ಕಾರಿ ನಿರ್ಮಾಣ ನಿಗಮ, ಹಳಬರ ಬಾಯಲ್ಲಿ ಇನ್ನೂ 'ಲ್ಯಾಂಡ್ ಆರ್ಮಿ') ಕೆಲಸ ಕೈಗೆತ್ತಿಕೊಳ್ಳುತ್ತದೆ.

ವೇದಿಕೆ ಮೇಲೆ "ಐದು ಲಕ್ಷ ಕೊಟ್ಟಿದ್ದೇನೆ" ಎಂದು ಘೋಷಣೆಯಾದಾಗ ಊರವರು ಮಾಡಬೇಕಾದ ಲೆಕ್ಕ ಬೇರೆ. ಸರ್ಕಾರಿ ಕಾಮಗಾರಿ ಗುತ್ತಿಗೆಗೆ 2022ರ ಜುಲೈನಿಂದ ಜಿಎಸ್‌ಟಿ 12ರಿಂದ ಶೇ 18ಕ್ಕೆ ಏರಿದೆ. ಐದು ಲಕ್ಷದಲ್ಲಿ ತೆರಿಗೆಯೂ ಸೇರಿದ್ದರೆ ಸುಮಾರು 76 ಸಾವಿರ ಅಲ್ಲೇ ಹೋಯಿತು. ಶೇ 1 ಕಾರ್ಮಿಕ ಸೆಸ್, ಅನುಷ್ಠಾನ ಸಂಸ್ಥೆಯ ಮೇಲ್ವಿಚಾರಣಾ ಶುಲ್ಕ, ಗುತ್ತಿಗೆದಾರನ ಲಾಭ ಕಳೆದರೆ ನೆಲದ ಮೇಲೆ ಬೀಳುವುದು ನಾಲ್ಕು ಲಕ್ಷಕ್ಕಿಂತ ಕಡಿಮೆ. ಸಮುದಾಯ ಭವನಗಳು ಗೋಡೆ ಎದ್ದು ಮೋಲ್ಡ್ ಬೀಳದೆ ನಿಂತಿರುವುದಕ್ಕೆ ಮುಖ್ಯ ಕಾರಣ ಇದು. ಹತ್ತೂರಿನವರನ್ನೂ ಸಮಾಧಾನಪಡಿಸಲು ದುಡ್ಡನ್ನು ಚೂರುಚೂರು ಹಂಚಿದರೆ ಹತ್ತೂರಲ್ಲೂ ಅರ್ಧ ಕಟ್ಟಡ. ಆದ್ದರಿಂದ ಕೇಳುವಾಗಲೇ ಮುಗಿಯುವ ಕೆಲಸ ಕೇಳಿ: ಶಾಲೆಯ ಕಾಂಪೌಂಡಿನ ಉಳಿದ ಭಾಗ, ಸ್ಮಶಾನದ ದಾರಿಗೆ ಮೋರಿ, ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರಿನ ಸಂಪರ್ಕ. ಚಿಕ್ಕ ಮೊತ್ತಕ್ಕೆ ಮರ್ಯಾದೆ ಬರುವುದು ಇಂಥಲ್ಲಿ.

ಹಣ ಮಂಜೂರಾಗಿಯೂ ವಾಪಸ್ ಹೋಗುವುದು ಬಹುಪಾಲು ಜಾಗದ ತಕರಾರಿನಿಂದ. ಊರ ಹಿರಿಯರೊಬ್ಬರು "ಬಿಟ್ಟುಕೊಟ್ಟ" ಜಾಗ ಪಹಣಿಯಲ್ಲಿ ಇನ್ನೂ ಅವರ ಹೆಸರಲ್ಲೇ ಇರುತ್ತದೆ. ಪಾಯ ತೋಡುವ ದಿನ ಮಕ್ಕಳು ತಡೆ ತರುತ್ತಾರೆ. ಅರ್ಜಿ ಕೊಡುವ ಮೊದಲು ದಾನಪತ್ರ ನೋಂದಣಿ ಮಾಡಿಸಿ, ಪಂಚಾಯಿತಿ ಆಸ್ತಿ ವಹಿಯಲ್ಲಿ ಸೇರಿಸಿ, ಅದರ ನಕಲನ್ನು ಅರ್ಜಿಗೆ ಲಗತ್ತಿಸಿ. ಚುನಾವಣೆ ಹತ್ತಿರವಿದ್ದರೆ ಇನ್ನೊಂದು ಎಚ್ಚರ: ನೀತಿ ಸಂಹಿತೆ ಬಂದ ಮೇಲೆ ಶುರುವಾಗದ ಕಾಮಗಾರಿ ಶುರುವಾಗುವುದಿಲ್ಲ, ಕಾರ್ಯಾದೇಶ ಕೈಯಲ್ಲಿದ್ದರೂ.

ಹೈಮಾಸ್ಟ್ ದೀಪ, ಶುದ್ಧ ಕುಡಿಯುವ ನೀರಿನ ಘಟಕ ಇವೆರಡನ್ನು ಮಾತ್ರ ಯೋಚಿಸಿ ಕೇಳಿ. ಶಾಸಕರ ನಿಧಿ ಕಟ್ಟಿಸಿ ಕೊಡುತ್ತದೆ, ನಡೆಸುವುದಿಲ್ಲ. ದೀಪದ ಕರೆಂಟ್ ಬಿಲ್ ಬೀಳುವುದು ಪಂಚಾಯಿತಿ ತಲೆಗೆ. ನೀರಿನ ಘಟಕದಲ್ಲಿ ಗಡುಸು ನೀರಿಗೆ ಮೆಂಬ್ರೇನ್ ಕಟ್ಟಿಕೊಳ್ಳುತ್ತದೆ. ಕಾಲಕಾಲಕ್ಕೆ ತೊಳೆಯುವವರು, ಬದಲಿಸಲು ದುಡ್ಡು ಕೊಡುವವರು ಯಾರೆಂದು ಗೊತ್ತಾಗದಿದ್ದರೆ ಬೀಗ ಬಿದ್ದು, ನಾಣ್ಯ ಹಾಕುವ ಪೆಟ್ಟಿಗೆ ತುಕ್ಕು ಹಿಡಿಯುತ್ತದೆ.

ಕಚೇರಿಯ ಬೋರ್ಡಿನಲ್ಲಿ ಕಾಣದ, ಆದರೆ ನಿಜವಾದ ತೂಕವಿರುವ ಕೆಲಸ ಸಮಿತಿಗಳದ್ದು. ಬಗರ್ ಹುಕುಂ (ಅನುಮತಿಯಿಲ್ಲದೆ ಸರ್ಕಾರಿ ಜಮೀನು ಸಾಗುವಳಿ) ಸಕ್ರಮೀಕರಣ ಸಮಿತಿಗೆ ಶಾಸಕರು ಅಧ್ಯಕ್ಷರು, ತಹಶೀಲ್ದಾರರು ಕಾರ್ಯದರ್ಶಿ. ಇಲ್ಲಿ ಶಾಸಕರ ಪಾತ್ರ ಶಿಫಾರಸು ಅಲ್ಲ, ತೀರ್ಮಾನ. ಚುನಾವಣೆ ನಂತರ ಸಮಿತಿ ಹೊಸದಾಗಿ ರಚನೆಯಾಗುವ ತನಕ, ಆದಮೇಲೂ ಸಭೆ ಕರೆಯುವ ತನಕ, ಸಕ್ರಮ ಕೋರಿದ ನಮೂನೆ 57ರ ಅರ್ಜಿಗಳು ಕಟ್ಟುಕಟ್ಟಾಗಿ ಕೊಳೆಯುತ್ತವೆ. ಹಾಗಾಗಿ ಶಾಸಕರಿಗೆ ಕೇಳಬೇಕಾದ್ದು "ನನ್ನದು ಮಾಡಿಕೊಡಿ" ಎಂದಲ್ಲ. "ಸಭೆ ಯಾವಾಗ, ನಮ್ಮ ಹೋಬಳಿಯ ಎಷ್ಟು ಕಡತ ಅದರಲ್ಲಿವೆ" ಎಂದು. ಅರ್ಜಿಯಲ್ಲೇ ದೋಷವಿದ್ದರೆ ಯಾವ ಶಾಸಕರೂ ಉಳಿಸಲಾರರು. 2005ರ ಜನವರಿ 1ಕ್ಕೆ ಮೊದಲಿನಿಂದ ಸಾಗುವಳಿ ಇರಬೇಕು, ಅದನ್ನೀಗ ಉಪಗ್ರಹ ಚಿತ್ರದಲ್ಲಿ ತಾಳೆ ನೋಡುತ್ತಾರೆ. ಸ್ವಂತ ಜಮೀನೂ ಸೇರಿ 4 ಎಕರೆ 38 ಗುಂಟೆ ಮೀರಬಾರದು. ಅರಣ್ಯವಾಗಿದ್ದರೆ ಮುಗಿಯಿತು. ಗೋಮಾಳವಾದರೆ ಊರಿನ ನೂರು ಜಾನುವಾರಿಗೆ 30 ಎಕರೆಯಂತೆ ಉಳಿಸಿದ ಮೇಲಿನ ಮಾತು. ಇಲಾಖೆಗಳ ಪ್ರಗತಿ ಪರಿಶೀಲಿಸುವ ತಾಲ್ಲೂಕು ಕೆಡಿಪಿ ಸಭೆಯೂ ಶಾಸಕರ ಅಧ್ಯಕ್ಷತೆಯದ್ದೇ. ಅದಕ್ಕೆ ಎರಡು ದಿನ ಮುಂಚೆ ಆಪ್ತ ಸಹಾಯಕರ ಕೈಗೆ ಅರ್ಧ ಪುಟದ ಟಿಪ್ಪಣಿ ಕೊಟ್ಟರೆ, ಪಿಡಬ್ಲ್ಯುಡಿ ಎಂಜಿನಿಯರು ಎಲ್ಲರೆದುರು ಉತ್ತರ ಹೇಳಬೇಕಾಗುತ್ತದೆ. ಐದು ಪುಟ ಕೊಟ್ಟರೆ ಯಾರೂ ಓದುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಅಂಕ ಕೊಡಬೇಕಾದ್ದು ಸದನದ ಪ್ರಶ್ನೆಗೆ, ಜನ ಅದನ್ನು ಕೇಳುವುದೇ ಇಲ್ಲ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಬಾಯಿಮಾತಲ್ಲಿ ಉತ್ತರಿಸಬೇಕು, ಉಪಪ್ರಶ್ನೆಯೂ ಉಂಟು; ಚುಕ್ಕೆ ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ. ಊರಿನ ಸಮಸ್ಯೆಗೆ ಎರಡನೆಯದೇ ಸಾಕು. ಗದ್ದಲವಾಗಿ ಪ್ರಶ್ನೋತ್ತರ ಕೊಚ್ಚಿಹೋದರೂ ಕಾಗದದ ಮೇಲಿನ ಉತ್ತರ ಉಳಿಯುತ್ತದೆ.

ಎಡವುವುದು ಪ್ರಶ್ನೆ ಬರೆಯುವುದರಲ್ಲಿ. "ತಾಲ್ಲೂಕು ಆಸ್ಪತ್ರೆಯಲ್ಲಿ ವೈದ್ಯರ ಕೊರತೆ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?" ಎಂದರೆ ಉತ್ತರ "ಬಂದಿದೆ". "ಹಾಗಿದ್ದಲ್ಲಿ ಕೈಗೊಂಡ ಕ್ರಮಗಳೇನು?" ಎಂದರೆ "ಪರಿಶೀಲನೆಯಲ್ಲಿದೆ". ಅಲ್ಲಿಗೆ ಮಂಗಳಾರತಿ. ಅದೇ ಪ್ರಶ್ನೆಯನ್ನು ಅ, ಆ, ಇ ಎಂದು ಒಡೆದು ಅಂಕಿಅಂಶ ಕೇಳಿ: ಮಂಜೂರಾದ ಹುದ್ದೆಗಳೆಷ್ಟು, ಯಾವುದು ಯಾವ ದಿನಾಂಕದಿಂದ ಖಾಲಿ, ಇಲ್ಲಿನ ಹುದ್ದೆಯ ಮೇಲೆ ಸಂಬಳ ಪಡೆದು ನಿಯೋಜನೆಯಲ್ಲಿ ಬೇರೆಡೆ ಇರುವವರೆಷ್ಟು? ಕೊನೆಗೆ "ವಿವರ ನೀಡುವುದು" ಎಂದು ಸೇರಿಸಿ. ಮೂರನೆಯದೇ ಜೀವಾಳ. ಹುದ್ದೆ ಭರ್ತಿ ಎಂದು ಪಟ್ಟಿ ಹೇಳುತ್ತದೆ, ಡಾಕ್ಟರು ಮಾತ್ರ ಜಿಲ್ಲಾ ಕೇಂದ್ರದಲ್ಲಿರುತ್ತಾರೆ. ಒಂದು ಪ್ರಶ್ನೆಗೆ ಒಂದೇ ಇಲಾಖೆ ಇರಲಿ; ಎರಡು ಬೆರೆತರೆ ಅದು "ನಮಗೆ ಸಂಬಂಧಿಸಿದ್ದಲ್ಲ" ಎಂದು ಕೈಯಿಂದ ಕೈಗೆ ತಿರುಗುತ್ತದೆ. ಉತ್ತರದಲ್ಲಿ ಮಂತ್ರಿ "ಮಾಡುತ್ತೇವೆ" ಎಂದಿದ್ದರೆ ಅದರ ಬೆನ್ನು ಹತ್ತಲು ಸರ್ಕಾರಿ ಭರವಸೆಗಳ ಸಮಿತಿ ಇದೆ. ಆ ಮಾತು ಇರುವ ಪುಟವನ್ನು ಎತ್ತಿಡಿ.

ಅಧಿವೇಶನದ ದಿನಾಂಕ ಪತ್ರಿಕೆಯಲ್ಲಿ ಬಂದ ಮೇಲೆ ಓಡಿದರೆ ಸಾಮಾನ್ಯವಾಗಿ ತಡ. ನೋಟಿಸು ಮುಂಚೆಯೇ ವಿಧಾನಸಭೆ ಸಚಿವಾಲಯ ತಲುಪಿರಬೇಕು. ಬೆಳಗಾವಿಯ ಚಳಿಗಾಲದ ಅಧಿವೇಶನ ಸಾಮಾನ್ಯವಾಗಿ ಡಿಸೆಂಬರಿನಲ್ಲಿ ಇರುವುದರಿಂದ ಉತ್ತರ ಕರ್ನಾಟಕದವರು ದೀಪಾವಳಿ ಹೊತ್ತಿಗೆ ಕರಡು ಸಿದ್ಧವಿಟ್ಟುಕೊಳ್ಳುವುದು ಒಳ್ಳೆಯದು.

ನಿಮ್ಮ ಶಾಸಕರೇ ಮಂತ್ರಿಯೋ ಸಭಾಧ್ಯಕ್ಷರೋ ಆಗಿದ್ದರೆ ಈ ದಾರಿ ಇಲ್ಲ, ಅವರು ಪ್ರಶ್ನೆ ಕೇಳುವ ಸ್ಥಾನದಲ್ಲಿಲ್ಲ. ಆಗ ವಿಧಾನ ಪರಿಷತ್ತಿನ ಕಡೆ ತಿರುಗಿ. 75 ಸದಸ್ಯರಲ್ಲಿ 25 ಜನ ಸ್ಥಳೀಯ ಸಂಸ್ಥೆಗಳಿಂದ ಬಂದವರು, ಪದವೀಧರ ಮತ್ತು ಶಿಕ್ಷಕರ ಕ್ಷೇತ್ರಗಳಿಂದ ಏಳೇಳು ಮಂದಿ. ಅಲ್ಲಿಯೂ ಪ್ರಶ್ನೋತ್ತರ ವೇಳೆ ಉಂಟು, ಅವರಿಗೂ ವರ್ಷಕ್ಕೆ 2 ಕೋಟಿ ಉಂಟು, ಕಚೇರಿ ಮುಂದಿನ ಸಾಲು ಮಾತ್ರ ಚಿಕ್ಕದು.