ಹಿಪ್ ಎಕ್ಸ್‌ಟೆನ್ಷನ್ ಅಳೆಯಲು ಯಾವ ವಿಧಾನ ಒಳ್ಳೆಯದು? ನಾಲ್ಕನ್ನೂ ಬಳಸಿ ನೋಡಿದ ಮೇಲೆ

ನೋವು ನುಲಿವು ಏನೂ ಇಲ್ಲದ ವಯಸ್ಕರ ತೊಡೆ, ಸೊಂಟದ ಕೀಲಿನಲ್ಲಿ ಎಷ್ಟು ಡಿಗ್ರಿ ಹಿಂದಕ್ಕೆ ಹೋಗಬೇಕು? ಹಿಪ್ ಎಕ್ಸ್‌ಟೆನ್ಷನ್ ಎಂದರೆ ಈ ಚಲನೆಯೇ. ಬಿಪಿಟಿ, ಅಂದರೆ ಫಿಸಿಯೋಥೆರಪಿ ಪದವಿ, ಓದಿದವರೆಲ್ಲ ಬಾಯಿಪಾಠ ಮಾಡಿದ ಉತ್ತರ 30. ಅಮೆರಿಕನ್ ಅಕಾಡೆಮಿ ಆಫ್ ಆರ್ಥೋಪೆಡಿಕ್ ಸರ್ಜನ್ಸ್ ಕೊಟ್ಟ ಸಂಖ್ಯೆ ಅದು. 1982ರಲ್ಲಿ ಸ್ವೀಡನ್ನಿನಲ್ಲಿ 30ರಿಂದ 40 ವರ್ಷದ ಗಂಡಸರನ್ನು ಅಳೆದು ಪ್ರಕಟಿಸಿದ ಅಧ್ಯಯನದಲ್ಲಿ ಸರಾಸರಿ ಬಂದದ್ದು 10ರ ಆಸುಪಾಸು. ಅದೇ ಕೀಲು, ಅದೇ ಚಲನೆ, ಉತ್ತರ ಮಾತ್ರ ಮೂರರಲ್ಲಿ ಒಂದು ಪಾಲು. ಇಷ್ಟು ವ್ಯತ್ಯಾಸ ಮನುಷ್ಯರ ಮೈಕಟ್ಟಿನಿಂದ ಬರುವಂಥದ್ದಲ್ಲ, ಅಳೆಯುವ ರೀತಿಯಿಂದ ಬರುವಂಥದ್ದು.

ಹಾಗಾಗಿ ಕ್ಲಿನಿಕ್ಕಿನಲ್ಲಿ ಮಾಡಲು ಸಾಧ್ಯವಿರುವ ನಾಲ್ಕು ವಿಧಾನಗಳನ್ನು ಒಂದೇ ಟೇಬಲ್ ಮೇಲೆ, ಅವೇ ಜನರ ಮೇಲೆ ಮಾಡಿ ನೋಡಿದೆ. ಜೊತೆಗೆ ಕೆಲಸ ಮಾಡುವವರು, ಇಂಟರ್ನಿಗಳು, ಬೆಳಗ್ಗೆ ಪಾರ್ಕಿನಲ್ಲಿ ನಡೆಯಲು ಬರುವ ಪರಿಚಯದವರು, ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ಒಂದಿಬ್ಬರು ಸ್ನೇಹಿತರು. ಸೊಂಟ, ಬೆನ್ನು, ಮಂಡಿಗೆ ತೊಂದರೆಯಾಗಿದ್ದವರನ್ನು ಸೇರಿಸಿಕೊಳ್ಳಲಿಲ್ಲ.

ಮೊದಲನೆಯದು ಎಲ್ಲರಿಗೂ ಗೊತ್ತಿರುವುದು: ಬೋರಲು ಮಲಗಿಸಿ, ಮಂಡಿ ನೇರ ಇಟ್ಟು, ತೊಡೆಯನ್ನು ಮೇಲಕ್ಕೆತ್ತಿ, ಗೋನಿಯೋಮೀಟರಿನ (ಎರಡು ತೋಳುಗಳ ಕೋನಮಾಪಕ) ನಡುವನ್ನು ಗ್ರೇಟರ್ ಟ್ರೋಕ್ಯಾಂಟರ್ (ತೊಡೆಮೂಳೆಯ ಮೇಲ್ತುದಿಯಲ್ಲಿ ಹೊರಬದಿಗೆ ಇರುವ ಉಬ್ಬು) ಮೇಲಿಟ್ಟು ಓದುವುದು. ಬೇಗ ಮುಗಿಯುತ್ತದೆ, ಯಾರಿಗೂ ಮುಜುಗರವಿಲ್ಲ, ಯಾವ ಟೇಬಲ್ ಆದರೂ ನಡೆಯುತ್ತದೆ. ಆದರೆ ತೊಡೆ ಮೇಲೇರುತ್ತಿದ್ದಂತೆ ಪೆಲ್ವಿಸ್, ಅಂದರೆ ಸೊಂಟದ ಮೂಳೆಗೂಡು, ಮುಂದಕ್ಕೆ ವಾಲುತ್ತದೆ, ಸೊಂಟದ ಬೆನ್ನೆಲುಬು ಕಮಾನಾಗುತ್ತದೆ. ಬಾಗಿಲು ಎಷ್ಟು ತೆರೆಯುತ್ತದೆ ಎಂದು ಅಳೆಯುವಾಗ ಚೌಕಟ್ಟೂ ಜೊತೆಗೇ ತಿರುಗಿದ ಹಾಗೆ ಇದು. ನಿತ್ಯ ಓಡುವ ಒಬ್ಬ ಗೆಳೆಯನ ಬಲಗಾಲನ್ನು ಹೀಗೆ ಎತ್ತಿದಾಗ 26 ಡಿಗ್ರಿ ಬಂತು. ಪೃಷ್ಠದ ಮೇಲೆ ಅಗಲ ಬೆಲ್ಟ್ ಹಾಕಿ ಟೇಬಲ್ಲಿಗೆ ಬಿಗಿದು, ನನ್ನ ಅಂಗೈಯನ್ನು ಸೇಕ್ರಮ್ (ಬೆನ್ನೆಲುಬಿನ ಬುಡದ ತ್ರಿಕೋನಾಕಾರದ ಮೂಳೆ) ಮೇಲೆ ಒತ್ತಿಟ್ಟು, ಅದು ಅಲುಗಿದ ಕೂಡಲೇ ನಿಲ್ಲಿಸಿದೆ. ಈ ಸಲ 12. ಉಳಿದ 14 ಡಿಗ್ರಿಯಲ್ಲಿ ಹೆಚ್ಚಿನದು ಬೆನ್ನಿನ ಕೊಡುಗೆ. 30 ಎಂಬ ಸಂಖ್ಯೆ ಎಲ್ಲಿಂದ ಬರುತ್ತದೆ ಎಂದು ಆ ಟೇಬಲ್ ಪಕ್ಕದಲ್ಲೇ ಕಣ್ಣಿಗೆ ಕಂಡಿತು.

ಬೆಲ್ಟ್ ಹಾಕಿದರೂ ಇದರಲ್ಲಿ ಇನ್ನೊಂದು ತೊಡಕಿದೆ. ಎಷ್ಟು ಬಲ ಹಾಕಿ ಎತ್ತಬೇಕು ಎಂಬುದಕ್ಕೆ ಅಳತೆಯಿಲ್ಲ. ಕೀಲಿನ ಮುಂಭಾಗದಲ್ಲಿರುವ ಇಲಿಯೋಫೀಮೊರಲ್ ಲಿಗಮೆಂಟ್, ಬಿಗೆಲೋ ಹೆಸರಿನಲ್ಲಿ ನಾವು ಓದಿದ ಆ ವೈ ಆಕಾರದ ಪಟ್ಟಿ, ದೇಹದಲ್ಲೇ ಅತಿ ಗಟ್ಟಿಯಾದ ಲಿಗಮೆಂಟುಗಳಲ್ಲೊಂದು. ಅದು ಬಿಗಿಯುವ ತನಕ ಎತ್ತುವುದೋ, ಸ್ನಾಯು ಎಳೆದ ಕೂಡಲೇ ನಿಲ್ಲಿಸುವುದೋ? ಸಹೋದ್ಯೋಗಿ ಎತ್ತಿದಾಗ ಒಂದು ಉತ್ತರ, ನಾನು ಎತ್ತಿದಾಗ ಇನ್ನೊಂದು.

ಈ ತೊಡಕನ್ನು ನಿವಾರಿಸುವುದೇ ಎರಡನೆಯದಾದ ಮಾಡಿಫೈಡ್ ಥಾಮಸ್ ಟೆಸ್ಟ್. ಮೂಲ ಪರೀಕ್ಷೆ ಲಿವರ್‌ಪೂಲಿನ ಮೂಳೆ ವೈದ್ಯ ಹ್ಯೂ ಓವನ್ ಥಾಮಸ್ ಅವರದು, ಮುರಿದ ಕಾಲಿಗೆ ಕಟ್ಟುವ ಥಾಮಸ್ ಸ್ಪ್ಲಿಂಟಿನ ಥಾಮಸ್ ಇವರೇ. ಹತ್ತೊಂಬತ್ತನೇ ಶತಮಾನದ ಆ ಪರೀಕ್ಷೆಯ ಉದ್ದೇಶ ಮಡಚಿ ಅಂಟಿದಂತಾದ ಸೊಂಟದ ಕೀಲನ್ನು ಗುರುತಿಸುವುದು. ಮಾಡಿಫೈಡ್ ರೂಪದಲ್ಲಿ ವ್ಯಕ್ತಿ ಟೇಬಲ್ಲಿನ ತುದಿಯಲ್ಲಿ ಕೂತು, ಎರಡೂ ಮಂಡಿಗಳನ್ನು ಎದೆಗೆ ಅಪ್ಪಿ ಹಿಂದಕ್ಕೆ ಉರುಳಿ, ಒಂದು ಕಾಲನ್ನು ಇಳಿಬಿಡುತ್ತಾರೆ. ಇಲ್ಲಿ ಬಲ ಹಾಕುವುದು ನಾನಲ್ಲ, ಆ ಕಾಲಿನ ತೂಕ. ಯಾರು ಅಳೆದರೂ ಅದು ಬದಲಾಗುವುದಿಲ್ಲ. ನನಗೆ ಈ ವಿಧಾನ ಹಿಡಿಸಿದ್ದು ಮುಖ್ಯವಾಗಿ ಇದಕ್ಕೇ. ಜೊತೆಗೆ ಇಳಿಬಿದ್ದ ಕಾಲಿನ ಮಂಡಿಯನ್ನು ಮೆಲ್ಲಗೆ ನೇರ ಮಾಡಿದಾಗ ತೊಡೆ ಇನ್ನಷ್ಟು ಕೆಳಗಿಳಿದರೆ ಬಿಗಿ ಇರುವುದು ತೊಡೆಯ ಮುಂಭಾಗದ ಸ್ನಾಯುವಾದ ರೆಕ್ಟಸ್ ಫೀಮೊರಿಸ್‌ನಲ್ಲಿ, ಇಳಿಯದಿದ್ದರೆ ಸೊಂಟವನ್ನು ಮಡಚುವ ಒಳಸ್ನಾಯುವಾದ ಇಲಿಯೋಸೋಯಸ್ ಕಡೆ ನೋಡಬೇಕು. ಬೋರಲು ಮಲಗಿಸಿದಾಗ ಇಷ್ಟು ಸುಲಭವಾಗಿ ಇದು ಬೇರ್ಪಡುವುದಿಲ್ಲ. 1998ರಲ್ಲಿ ಟೆನಿಸ್, ಓಟ, ಬಾಸ್ಕೆಟ್‌ಬಾಲ್, ರೋಯಿಂಗ್ ಕ್ರೀಡಾಪಟುಗಳನ್ನು ಹೀಗೆ ಅಳೆದಾಗ ತೊಡೆ ಸಮತಲಕ್ಕಿಂತ ಸರಾಸರಿ 12 ಡಿಗ್ರಿಯಷ್ಟು ಕೆಳಗಿಳಿದಿತ್ತು. ಬೆಲ್ಟ್ ಬಿಗಿದು ಅಳೆದ ನನ್ನ ಗೆಳೆಯನ ಸಂಖ್ಯೆಯೂ ಅದರ ಹತ್ತಿರದ್ದೇ.

ಆದರೆ ಪೆಲ್ವಿಸ್ ಕಾಟ ಇಲ್ಲೂ ತಪ್ಪಿದ್ದಲ್ಲ. ಅಪ್ಪಿದ ಮಂಡಿಯನ್ನು ಸಡಿಲ ಬಿಟ್ಟರೆ ಸೊಂಟದ ಕೆಳಗೆ ಸಂದು ಬೀಳುತ್ತದೆ, ತೊಡೆ ಇಳಿಯುತ್ತದೆ, ಕೀಲು ಸಡಿಲವಾಗಿದೆ ಅನಿಸುತ್ತದೆ. ಹಲ್ಲು ಕಚ್ಚಿ ಎಳೆದರೆ ಪೆಲ್ವಿಸ್ ಹಿಂದಕ್ಕೆ ಹೊರಳಿ, ಸರಿಯಾಗಿರುವ ಕೀಲೂ ಬಿಗಿಯಾಗಿ ಕಾಣುತ್ತದೆ. 2016ರಲ್ಲಿ ಪಿಯರ್‌ಜೆ ಪತ್ರಿಕೆಯಲ್ಲಿ ಬಂದ ಒಂದು ಲೇಖನ ಇದನ್ನು ನೇರವಾಗಿಯೇ ಹೇಳಿತು: ಪೆಲ್ವಿಸ್ ವಾಲುವುದನ್ನು ಹಿಡಿತದಲ್ಲಿಡದಿದ್ದರೆ ಈ ಟೆಸ್ಟ್ ಹಿಪ್ ಎಕ್ಸ್‌ಟೆನ್ಷನ್‌ನ ಅಳತೆಯೇ ಅಲ್ಲ. ತೊಡೆ ಟೇಬಲ್ ಮುಟ್ಟಿತೋ ಇಲ್ಲವೋ ಎಂದು ಕಣ್ಣಲ್ಲಿ ನೋಡಿ ಪಾಸು, ಫೇಲು ಬರೆಯುವ ರೂಢಿಯನ್ನು ಇನ್ನಾದರೂ ಬಿಡಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ.

ಇದಕ್ಕೆ ನಾನು ಮಾಡಿಕೊಂಡ ಉಪಾಯಕ್ಕೆ ಖರ್ಚಿಲ್ಲ. ಬಿಪಿ ನೋಡುವ ಪಟ್ಟಿಯನ್ನು ಮಡಚಿ, ಸೊಂಟದ ಕಮಾನಿನ ಕೆಳಗೆ ಇಟ್ಟು, 40 ಎಂಎಂಗೆ ಗಾಳಿ ತುಂಬಿ, ಡಯಲನ್ನು ಅವರ ಕಣ್ಣಿಗೆ ಕಾಣುವಂತೆ ಹಿಡಿಯುತ್ತೇನೆ. ಬೆನ್ನು ಕಮಾನಾದರೆ ಮುಳ್ಳು ಇಳಿಯುತ್ತದೆ, ಮಂಡಿ ಹೆಚ್ಚು ಎಳೆದರೆ ಏರುತ್ತದೆ. “ಮುಳ್ಳು 40ರಲ್ಲೇ ನಿಲ್ಲೋ ಹಾಗೆ ಮಂಡಿ ಹಿಡ್ಕೊಳ್ಳಿ ಸಾರ್” ಅಂದರೆ ಸಾಕು, ಜನ ಅದನ್ನು ಚೆನ್ನಾಗಿ ಮಾಡುತ್ತಾರೆ. ಪಟ್ಟಿ ಇಟ್ಟ ಮೇಲೆ ಅದೇ ವ್ಯಕ್ತಿಯನ್ನು ಮತ್ತೆ ಅಳೆದಾಗ ಬರುವ ಏರುಪೇರು ಎದ್ದು ಕಾಣುವಷ್ಟು ಕಡಿಮೆಯಾಯಿತು.

ತೊಂದರೆ ಇಲ್ಲವೆಂದಲ್ಲ. ಬಾಲಮೂಳೆ ಟೇಬಲ್ಲಿನ ಅಂಚಿಗೇ ಬರಬೇಕು, ಆಗ ಬಿದ್ದುಬಿಡುತ್ತೇನೆ ಎಂಬ ಅಂಜಿಕೆಗೆ ಕೆಲವರ ತೊಡೆ ಸಡಿಲವಾಗುವುದೇ ಇಲ್ಲ. ಹೊಟ್ಟೆ ಇರುವವರಿಗೆ ಮಂಡಿ ಅಪ್ಪಿಕೊಳ್ಳುವುದು ಕಷ್ಟ. ಸೀರೆ ಉಟ್ಟು ಬಂದವರಿಗೆ ಈ ಭಂಗಿ ಹೇಳುವುದೇ ತಪ್ಪು. ಬದಲಿಗೆ ಪೈಜಾಮ, ಮೇಲೊಂದು ಹೊದಿಕೆ, ಪರದೆ, ಜೊತೆಗೊಬ್ಬ ಮಹಿಳಾ ಸಿಬ್ಬಂದಿ, ಇಷ್ಟಿದ್ದರೆ ಮಾತ್ರ.

ಮೂರನೆಯದಾದ ಸ್ಟಾಹೆಲಿ ವಿಧಾನದ ಬಗ್ಗೆ ಹೆಚ್ಚು ಹೇಳುವುದಿಲ್ಲ. 1977ರಲ್ಲಿ ಬಂದದ್ದು: ಮುಂಡವನ್ನು ಟೇಬಲ್ ಮೇಲೆ ಬೋರಲು ಮಲಗಿಸಿ, ಕಾಲುಗಳನ್ನು ತುದಿಯಿಂದ ಇಳಿಬಿಟ್ಟು, ಒಂದು ಕೈ ಪೆಲ್ವಿಸ್ ಮೇಲಿಟ್ಟು, ಅದು ಅಲುಗುವ ತನಕ ತೊಡೆ ಎತ್ತುವುದು. ಇನ್ನೊಂದು ಸೊಂಟ ಮಡಚಿಯೇ ಇರುವುದರಿಂದ ಬೆನ್ನು ಚಪ್ಪಟೆಯಾಗಿರುತ್ತದೆ, ಯೋಚನೆ ಬಹಳ ಸೊಗಸಾದದ್ದು. ಸೆರೆಬ್ರಲ್ ಪಾಲ್ಸಿ (ಮೆದುಳಿನ ಹಾನಿಯಿಂದ ಚಲನೆಗೆ ತೊಂದರೆ) ಇರುವ ಮಕ್ಕಳಿಗೆ ಇದು ಹೇಳಿ ಮಾಡಿಸಿದಂತಿದೆ. 80 ಕೆಜಿ ತೂಗುವವರ ಕಾಲನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಪೆಲ್ವಿಸ್ ಸೂಕ್ಷ್ಮ ಹಿಡಿಯಲು ನನ್ನಿಂದ ಆಗದು. ಜೊತೆಗೊಬ್ಬರಿದ್ದರೆ ಸರಿ.

ನಾಲ್ಕನೆಯದು ಇಂದು ಬಹುತೇಕ ಮರೆತೇಹೋದದ್ದು, ನನಗೆ ಅತಿ ಹೆಚ್ಚು ಕಲಿಸಿದ್ದು. 1956ರಲ್ಲಿ ಮಂಡೇಲ್, ಹಿಸ್ಲಾಪ್ ಮತ್ತಿತರರು ಬರೆದ ವಿಧಾನ. ಪೆಲ್ವಿಸ್ಸನ್ನು ಹಿಡಿದು ನಿಲ್ಲಿಸುವ ಬದಲು ಅದನ್ನೂ ಅಳೆದುಬಿಡುವುದು. ಮಗ್ಗುಲಾಗಿ ಮಲಗಿಸಿ, ಪೆಲ್ವಿಸ್ಸಿನ ಮುಂದಿನ ಎಎಸ್‌ಐಎಸ್ ಮತ್ತು ಹಿಂದಿನ ಪಿಎಸ್‌ಐಎಸ್ ಎಂಬ ಮೂಳೆ ತುದಿಗಳನ್ನು ಗುರುತು ಮಾಡಿ, ಎರಡನ್ನೂ ಸೇರಿಸುವ ಗೆರೆ ಎಳೆದು, ಆ ಗೆರೆಗೆ ಟ್ರೋಕ್ಯಾಂಟರಿನಿಂದ ಲಂಬ ಹಾಕಿ, ಆ ಲಂಬಕ್ಕೂ ತೊಡೆಮೂಳೆಯ ಗೆರೆಗೂ ನಡುವಿನ ಕೋನ ನೋಡಬೇಕು. ಪೆಲ್ವಿಸ್ ಎತ್ತ ವಾಲಿದರೂ ಗೆರೆಯೂ ಅದರ ಜೊತೆಗೇ ವಾಲುತ್ತದೆ, ಹಾಗಾಗಿ ಸಿಗುವುದು ಕೀಲಿನ ಚಲನೆ ಮಾತ್ರ. ನಾನು ಗುರುತುಗಳ ಮೇಲೆ ಬಣ್ಣದ ಸ್ಟಿಕ್ಕರ್ ಅಂಟಿಸಿ, ಫೋನನ್ನು ಸ್ಟ್ಯಾಂಡಿನಲ್ಲಿಟ್ಟು ಫೋಟೋ ತೆಗೆದು, ಆಮೇಲೆ ಕೋನ ಎಳೆದೆ. ಸಮಯ ಹಿಡಿಯುತ್ತದೆ. ಚರ್ಮ ಜಾರುವುದರಿಂದ ಕಾಲು ಹಿಂದಕ್ಕೆ ಹೋದ ಮೇಲೆ ಟ್ರೋಕ್ಯಾಂಟರ್ ಮತ್ತೆ ಮುಟ್ಟಿ ನೋಡಿ ಸ್ಟಿಕ್ಕರ್ ಸರಿಸಬೇಕು. ಮೈ ತುಂಬಿಕೊಂಡವರಲ್ಲಿ ಪಿಎಸ್‌ಐಎಸ್ ಸಿಗುವುದೇ ಕಷ್ಟ, ಸೊಂಟದ ಹಿಂದಿನ ಎರಡು ಗುಳಿಗಳು ಕಂಡರೆ ಪುಣ್ಯ. ಇನ್ನೊಂದು ಎಚ್ಚರ: ಇಲ್ಲಿನ ಸೊನ್ನೆ ಬೇರೆ. ನಿಂತಾಗಿನ ಪೆಲ್ವಿಸ್ ವಾಲು ಒಬ್ಬೊಬ್ಬರದು ಒಂದೊಂದು ಥರ, ಆದ್ದರಿಂದ ಈ ಕೋನವನ್ನು ಥಾಮಸ್ ಸಂಖ್ಯೆಯ ಪಕ್ಕದಲ್ಲಿಟ್ಟು ಯಾವುದು ಹೆಚ್ಚು ಎಂದು ಕೇಳುವಂತಿಲ್ಲ. ಅದೇ ವ್ಯಕ್ತಿಯ ಎಡ, ಬಲ ಅಥವಾ ಮೊದಲು, ಆಮೇಲೆ ಹೋಲಿಸಬಹುದು.

ಉಪಕರಣದ ಮಾತು ಚಿಕ್ಕದು. ಗೋನಿಯೋಮೀಟರಿಗೆ ಮೂರನೇ ಕೈ ಬೇಕು, ಎರಡು ತೋಳುಗಳನ್ನೂ ಕಣ್ಣಳತೆಯಲ್ಲೇ ಕೂಡಿಸಬೇಕು. ಫೋನಿನ ಇನ್‌ಕ್ಲಿನೋಮೀಟರ್ (ವಾಲು ಅಳೆಯುವ) ಆ್ಯಪ್‌ಗೆ ಗುರುತ್ವವೇ ಆಧಾರ. ಕವರ್ ತೆಗೆದು, ಕ್ಯಾಮೆರಾ ಉಬ್ಬು ತಾಗದಂತೆ ಅಂಚಿನ ಮೇಲಿಟ್ಟು, ಟೇಬಲ್ ಮೇಲೆ ಸೊನ್ನೆ ಮಾಡಿಕೊಂಡು, ಪ್ರತಿಸಲ ಮಂಡಿಚಿಪ್ಪಿನಿಂದ ಅಷ್ಟೇ ಬೆರಳು ಮೇಲೆ ಇಡಬೇಕು. ತೊಡೆಯ ಉಬ್ಬಿನ ಮೇಲೆ ಜಾಗ ಬದಲಾದರೆ ಓದು ಬದಲಾಗುತ್ತದೆ.

ನನ್ನ ಆಯ್ಕೆ ಹೇಳುವುದಾದರೆ, ದಿನನಿತ್ಯಕ್ಕೆ ಬಿಪಿ ಪಟ್ಟಿ ಇಟ್ಟ ಮಾಡಿಫೈಡ್ ಥಾಮಸ್, ಓದಲು ಫೋನ್. ಆ ಭಂಗಿ ಆಗದವರಿಗೆ ಬೆಲ್ಟ್ ಹಾಕಿ ಬೋರಲು. ವಿದ್ಯಾರ್ಥಿಗಳಿಗೆ ಕಲಿಸುವಾಗ, ಅಥವಾ ಸಂಖ್ಯೆ ಅನುಮಾನ ತಂದಾಗ, 1956ರ ಗೆರೆಗಳು. ಬೆಲ್ಟಿಲ್ಲದೆ ಬೋರಲು ಎತ್ತಿ ಬರೆದ 28, 30ನ್ನು ಹಿಪ್ ಎಕ್ಸ್‌ಟೆನ್ಷನ್ ಎಂದು ನಾನು ಒಪ್ಪುವುದಿಲ್ಲ.

10 ಡಿಗ್ರಿ ಬಂತೆಂದು ಗಾಬರಿಯಾಗುವವರಿಗೆ ಅಮೆರಿಕದ ಮೂಳೆ ವೈದ್ಯೆ ಜ್ಯಾಕ್ವೆಲಿನ್ ಪೆರಿ ಅವರ ನಡಿಗೆ ವಿಶ್ಲೇಷಣೆ ನೆನಪಿಸುತ್ತೇನೆ. ನಡೆಯುವಾಗ ಹಿಂದೆ ಉಳಿದ ತೊಡೆ ಲಂಬದಿಂದ 20 ಡಿಗ್ರಿಯಷ್ಟು ಹಿಂದಿರುತ್ತದೆ, ಅದರಲ್ಲಿ ಕೀಲಿನ ಪಾಲು ಅರ್ಧದಷ್ಟು, ಮಿಕ್ಕಿದ್ದು ಪೆಲ್ವಿಸ್ ವಾಲುವುದರಿಂದಲೂ ತಿರುಗುವುದರಿಂದಲೂ ಬರುವಂಥದ್ದು. ಕೇಸ್ ಶೀಟಿನಲ್ಲಿ ಈಗ ಬರೀ ಡಿಗ್ರಿ ಬರೆಯುವುದಿಲ್ಲ. ಯಾವ ಭಂಗಿ, ಪೆಲ್ವಿಸ್ ಹೇಗೆ ಹಿಡಿದದ್ದು, ಮಂಡಿ ಎಷ್ಟು ಮಡಚಿತ್ತು, ಯಾರು ಅಳೆದದ್ದು, ಈ ನಾಲ್ಕನ್ನೂ ಸಂಖ್ಯೆಯ ಪಕ್ಕದಲ್ಲೇ ಬರೆಯುತ್ತೇನೆ.