ಎಕ್ಸ್‌ಪಿ ಮಷಿನ್‌ಗೆ ದೊಡ್ಡ ಡಿಸ್ಕ್: ಜಿಪಾರ್ಟೆಡ್ ಲೈವ್ ನನ್ನ ಕೆಲಸ ಉಳಿಸಿತು

ಹೊಸ 3 ಟಿಬಿ ಹಾರ್ಡ್ ಡಿಸ್ಕ್ ಸಿಕ್ಕಿಸಿ ಕಂಪ್ಯೂಟರ್ ಆನ್ ಮಾಡಿದೆ. ಅದರಲ್ಲಿರುವ ಹಳೆ ವಿಂಡೋಸ್ ಎಕ್ಸ್‌ಪಿ ತೋರಿಸಿದ್ದು 746 ಜಿಬಿ. ಕೇಬಲ್ ಬಿಚ್ಚಿ ಮತ್ತೆ ಹಾಕಿದೆ. ಅದೇ 746. ಎಕ್ಸ್‌ಪಿಗೆ ಅಂತ ಹೇಳಿಯೇ ಕೊಂಡಿದ್ದೆ, ಅಂಗಡಿಯವರು "ಎಲ್ಲಕ್ಕೂ ನಡೀತದ" ಅಂದಿದ್ದರು. ಈಗ ಫೋನ್ ಮಾಡಿದರೆ, ಡಿಸ್ಕ್ ಸರಿಯಿದೆ, ನಿಮ್ಮ ಕಂಪ್ಯೂಟರೇ ಹಳೇದು ಅಂದರು. ಬೇಜಾರಾಯಿತು.

ಇಷ್ಟು ಹಳೆ ಮಷಿನ್ ಯಾಕೆ ಇಟ್ಟುಕೊಂಡಿದ್ದೀರಿ ಅಂತ ಎಲ್ಲರೂ ಕೇಳುತ್ತಾರೆ. ನಾನು ಗದಗದಲ್ಲಿ ಡಿಟಿಪಿ ಮಾಡುತ್ತೇನೆ. 2004ರಿಂದ ಮಾಡಿದ ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ವಚನದ ಪುಸ್ತಕ ಎಲ್ಲಾ ಪೇಜ್‌ಮೇಕರ್ 7ರಲ್ಲಿವೆ. ಅಕ್ಷರ ಯೂನಿಕೋಡ್ ಅಲ್ಲ, ಹಳೆ ಫಾಂಟಿನವು. ಆ ಅಕ್ಷರ ಮೂಡಿಸುವ ಲಿಪಿ ತಂತ್ರಾಂಶ ತೆರೆಯಬೇಕಾದರೆ ಪ್ರಿಂಟರ್ ಪೋರ್ಟಿಗೆ ಲಾಕ್ ಅನ್ನುವ ಸಣ್ಣ ಸಾಧನ ಸಿಕ್ಕಿಸಿರಬೇಕು. ಈಗಿನ ಕಂಪ್ಯೂಟರ್‌ಗಳಲ್ಲಿ ಆ ಪೋರ್ಟೇ ಇರುವುದಿಲ್ಲ. ಹಾಗಾಗಿ ಈ ಪೆಂಟಿಯಂ 4, ಈ ಎಕ್ಸ್‌ಪಿ ನನಗೆ ಬೇಕೇ ಬೇಕು. 2014ರ ಏಪ್ರಿಲ್‌ನಲ್ಲಿ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ ಮೇಲೆ ಇದಕ್ಕೆ ಇಂಟರ್ನೆಟ್ ಕೊಟ್ಟಿಲ್ಲ, ಅಷ್ಟೇ.

746ರ ಲೆಕ್ಕ ಆಮೇಲೆ ತಿಳಿಯಿತು. ಡಿಸ್ಕಿನ ಯಾವ ಭಾಗ ಎಲ್ಲಿದೆ ಅಂತ ಬರೆದಿಡುವ ಹಳೆ ಬಗೆಯ ಪಟ್ಟಿಗೆ ಎಂಬಿಆರ್ ಅಂತ ಹೆಸರು. ಅದರಲ್ಲಿ ಸೆಕ್ಟರ್, ಅಂದರೆ ಡಿಸ್ಕಿನ ಸಣ್ಣ ಖಾನೆ, ಅದರ ಸಂಖ್ಯೆ ಬರೆಯಲು ಇರುವುದು 32 ಬಿಟ್. ಒಂದು ಸೆಕ್ಟರ್ 512 ಬೈಟ್. ಗುಣಿಸಿದರೆ ಸುಮಾರು 2.2 ಟಿಬಿ. ಅದರಾಚೆ ಎಣಿಕೆ ಮತ್ತೆ ಸೊನ್ನೆಯಿಂದ ಶುರು. 3 ಟಿಬಿಯಲ್ಲಿ ಆ 2.2 ಕಳೆದು ಉಳಿದ ಸುಮಾರು 0.8 ಟಿಬಿಯೇ ನನಗೆ ಕಂಡ 746 ಜಿಬಿ; ಡಿಸ್ಕಿನ ಮೇಲೆ ಬರೆಯುವುದು ಸಾವಿರದ ಲೆಕ್ಕ, ವಿಂಡೋಸ್ ತೋರಿಸುವುದು 1024ರ ಲೆಕ್ಕ. ಜಿಪಿಟಿ ಅನ್ನುವ ಹೊಸ ಬಗೆಯ ಪಟ್ಟಿಗೆ ಈ ಮಿತಿ ಇಲ್ಲ, ಆದರೆ 32 ಬಿಟ್ ಎಕ್ಸ್‌ಪಿಗೆ ಜಿಪಿಟಿ ಓದಲು ಬರುವುದಿಲ್ಲ. ಒಳ್ಳೆ ಕಡೆಯಿಂದ 2 ಟಿಬಿ ಡಿಸ್ಕ್ ಒಂದನ್ನು ತಂದೆ. ಅದು 1863 ಜಿಬಿ ಅಂತ ಪೂರ್ತಿ ಕಾಣಿಸಿತು.

ಇಲ್ಲಿಗೆ ಮುಗಿಯಿತು ಅಂದುಕೊಂಡೆ. ಎಕ್ಸ್‌ಪಿಯಲ್ಲೇ ಪಾರ್ಟಿಷನ್, ಅಂದರೆ ಡಿಸ್ಕಿನ ಭಾಗ, ಮಾಡಿ ಫಾರ್ಮ್ಯಾಟ್ ಮಾಡಿದೆ. ಹಳೆ ಕೆಲಸ ಕಾಪಿ ಹಾಕಿದರೆ ಹೊಸ ಡಿಸ್ಕ್ ತೆವಳುತ್ತಿತ್ತು. ಸಾವಿರಾರು ಸಣ್ಣ ಫೈಲು, ಒಂದೊಂದಕ್ಕೂ ತಡವರಿಸುತ್ತಿತ್ತು. ಕಾರಣ ಇದು. ಈಗಿನ ಡಿಸ್ಕ್‌ಗಳು ಒಳಗೆ 4096 ಬೈಟ್‌ನ ತುಂಡುಗಳಲ್ಲಿ ಬರೆಯುತ್ತವೆ. ಎಕ್ಸ್‌ಪಿ ಮೊದಲ ಪಾರ್ಟಿಷನ್ ಶುರು ಮಾಡುವುದು 63ನೇ ಸೆಕ್ಟರ್‌ನಿಂದ. ಎಂಟು ಸೆಕ್ಟರ್ ಸೇರಿದರೆ ಅಂಥ ಒಂದು ತುಂಡು. 63 ಎಂಟರಿಂದ ಭಾಗವಾಗುವುದಿಲ್ಲ ನೋಡಿ, ಆದ್ದರಿಂದ ಎಕ್ಸ್‌ಪಿ ಬರೆಯುವ ಪ್ರತಿ ತುಂಡೂ ಡಿಸ್ಕಿನ ಎರಡು ತುಂಡುಗಳ ಮೇಲೆ ಕೂರುತ್ತದೆ. ನಮ್ಮ ಪ್ರೆಸ್ಸಿನವರಿಗೆ ಬೇಗ ಅರ್ಥವಾಗುತ್ತದೆ: ಒಂದೇ ಚಿತ್ರ ಎರಡು ಪ್ಲೇಟಿಗೆ ಹಂಚಿಹೋದರೆ ಸಣ್ಣ ತಿದ್ದುಪಡಿಗೂ ಎರಡೂ ಪ್ಲೇಟ್ ಹೊಸದಾಗಿ ಮಾಡಬೇಕು.

ಇಲ್ಲೇ ಜಿಪಾರ್ಟೆಡ್ ಲೈವ್ ಕೈಹಿಡಿದದ್ದು. ಡಿಸ್ಕನ್ನು ಭಾಗ ಮಾಡುವ ಉಚಿತ ತಂತ್ರಾಂಶ ಇದು. ಇನ್‌ಸ್ಟಾಲ್ ಮಾಡುವುದೇನೂ ಇಲ್ಲ, ಸಿಡಿ ಅಥವಾ ಪೆನ್‌ಡ್ರೈವ್‌ನಿಂದಲೇ ಕಂಪ್ಯೂಟರ್ ಶುರು (ಬೂಟ್) ಮಾಡಿ ನಡೆಸಬಹುದು. ನನ್ನ ಮಷಿನ್ ಪೆನ್‌ಡ್ರೈವ್‌ನಿಂದ ಬೂಟ್ ಆಗುವುದಿಲ್ಲ, ಸಿಡಿಗೆ ಬರೆದುಕೊಂಡೆ. 32 ಬಿಟ್ ಪ್ರೊಸೆಸರ್ ಇದ್ದರೆ ಐ686 ಅಂತ ಹೆಸರಿರುವ ಆವೃತ್ತಿಯನ್ನೇ ಹುಡುಕಿ ಇಳಿಸಿಕೊಳ್ಳಿ, 64 ಬಿಟ್‌ನದು ಬೂಟ್ ಆಗುವುದಿಲ್ಲ. ಶುರುವಿನಲ್ಲಿ ಕೀಬೋರ್ಡ್, ಭಾಷೆ ಅಂತ ಕೆಲವು ಪ್ರಶ್ನೆ ಕೇಳುತ್ತದೆ. ಎಂಟರ್ ಒತ್ತುತ್ತಾ ಹೋದರೆ ಸಾಕು.

ಆಮೇಲೆ ಪಟ್ಟೆ ಪಟ್ಟೆಯಾಗಿ ಡಿಸ್ಕಿನ ಚಿತ್ರ ಬರುತ್ತದೆ. ಮೊದಲು ಪಾರ್ಟಿಷನ್ ಟೇಬಲ್ ಎಂಎಸ್‌ಡಾಸ್ ಅಂತ ಆರಿಸಿದೆ. ಎಂಬಿಆರ್‌ಗೆ ಅಲ್ಲಿ ಆ ಹೆಸರು. ಪಾರ್ಟಿಷನ್ ಮಾಡುವಾಗ ಅಲೈನ್ ಅನ್ನುವ ಕಡೆ ಎಂಐಬಿ ಅಂತ ತಾನಾಗೇ ಇರುತ್ತದೆ, ಅದನ್ನು ಮುಟ್ಟಬೇಡಿ. ಮೊದಲಿಗೆ 1 ಎಂಐಬಿ (1024ರ ಲೆಕ್ಕದ ಎಂಬಿ) ಖಾಲಿ ಬಿಟ್ಟು 2048ನೇ ಸೆಕ್ಟರ್‌ನಿಂದ ಶುರುವಾಗುತ್ತದೆ. ಹಳೆ ಕೆಲಸಕ್ಕೆ ಒಂದು, ನಡೆಯುತ್ತಿರುವ ಕೆಲಸಕ್ಕೆ ಒಂದು ಅಂತ ಎರಡು ಮಾಡಿದೆ, ಎರಡೂ ವಿಂಡೋಸ್ ಬಳಸುವ ಎನ್‌ಟಿಎಫ್‌ಎಸ್ ಫಾರ್ಮ್ಯಾಟಿನವು. ಪಾರ್ಟಿಷನ್ ಟೇಬಲ್ ಮಾತ್ರ ಎಚ್ಚರಿಕೆ ತೋರಿಸಿ ಆಗಲೇ ಬರೆದುಬಿಡುತ್ತದೆ, ಉಳಿದ ಯಾವ ಬದಲಾವಣೆಯನ್ನೂ ಹಸಿರು ಟಿಕ್ ಒತ್ತುವ ತನಕ ಡಿಸ್ಕಿಗೆ ಬರೆಯುವುದಿಲ್ಲ. ಈ ಗುಣ ನನಗೆ ತುಂಬಾ ಹಿಡಿಸಿತು. ಒತ್ತಿದ ಮೇಲೆ ಚಹಾ ಕುಡಿದು ಬರುವಷ್ಟರಲ್ಲಿ ಮುಗಿದಿತ್ತು. ಎಕ್ಸ್‌ಪಿಗೆ ವಾಪಸ್ ಬಂದು ಅದೇ ಫೈಲುಗಳನ್ನು ಕಾಪಿ ಹಾಕಿದೆ. ಸರಸರ ಹೋದವು.

ಕೊರತೆ ಒಂದಿದೆ, ಸಣ್ಣದಲ್ಲ. ಡಿಸ್ಕ್‌ಗಳನ್ನು ಎಸ್‌ಡಿಎ, ಎಸ್‌ಡಿಬಿ ಅಂತ ಕರೆಯುತ್ತದೆ. ಯಾವುದು ಹಳೇದು ಯಾವುದು ಹೊಸದು ಅಂತ ಮೊದಲ ಸಲ ನೋಡುವವರಿಗೆ ಎದೆ ಡವಡವ ಅನ್ನುತ್ತದೆ. ನಾನು ಹಳೆ ಡಿಸ್ಕಿನ ಕೇಬಲ್ಲನ್ನೇ ಬಿಚ್ಚಿಟ್ಟು ಕೂತೆ. ನೀವೂ ದಯವಿಟ್ಟು ಹಾಗೇ ಮಾಡಿ. ಇದೊಂದಕ್ಕೆ ಅರ್ಧ ಅಂಕ ಕಳೆದು 5ಕ್ಕೆ 4.5 ಕೊಡುತ್ತೇನೆ.

ಇನ್ನೊಂದು ಮಾತು. ಡಿಸ್ಕನ್ನು ಒಳಗಿಟ್ಟು ಹೊರಗಿನಿಂದ ಸಿಕ್ಕಿಸುವ ಕೆಲವು ಯುಎಸ್‌ಬಿ ಡಬ್ಬಿಗಳು ಸೆಕ್ಟರ್ 4096 ಬೈಟ್ ಅಂತ ಎಕ್ಸ್‌ಪಿಗೆ ತೋರಿಸಿ 2.2 ಟಿಬಿಯ ಗೋಡೆ ದಾಟಿಸುತ್ತವೆ. ಉಪಾಯ ಒಳ್ಳೆಯದೇ. ಆದರೆ ಡಬ್ಬಿ ಕೆಟ್ಟು ಡಿಸ್ಕನ್ನು ನೇರವಾಗಿ ಸಿಕ್ಕಿಸಿದರೆ ಸೆಕ್ಟರ್ ಲೆಕ್ಕ ತಪ್ಪುತ್ತದೆ, ಪಾರ್ಟಿಷನ್ ಸಿಗುವುದಿಲ್ಲ. ಇಪ್ಪತ್ತು ವರ್ಷದ ಕೆಲಸ ಅದರ ಮೇಲೆ ಇಡಲು ನನಗೆ ಧೈರ್ಯ ಬರಲಿಲ್ಲ. ಆ 3 ಟಿಬಿ ಡಿಸ್ಕನ್ನು ಹೊಸ ಕಂಪ್ಯೂಟರ್‌ಗೆ ಜಿಪಿಟಿ ಮಾಡಿ ಹಾಕಿದ್ದೇನೆ, ಎರಡನೇ ಪ್ರತಿ ಅಲ್ಲಿದೆ.

ಮೊನ್ನೆ ಒಬ್ಬ ಹಿರಿಯರು 2006ರಲ್ಲಿ ನನ್ನಲ್ಲೇ ಮಾಡಿಸಿದ್ದ ಪುಸ್ತಕ ಹಿಡಿದು ಬಂದರು, ಇನ್ನೂ 200 ಪ್ರತಿ ಬೇಕಂತೆ. ಹೊಸ ಡಿಸ್ಕ್‌ನಿಂದ ಫೈಲ್ ತೆರೆದೆ. ಪುಟ ಪುಟ ಕೂಡಿ ನೋಡಿದೆವು. ಒಂದು ಒತ್ತಕ್ಷರವೂ ಜರುಗಿರಲಿಲ್ಲ.