ನಿಷ್ಪಕ್ಷಪಾತವೋ, ತಟಸ್ಥವೋ?

ಯಾರ ಕಡೆಗೂ ವಾಲದವರ ಬಗ್ಗೆ ಬರೆಯುವಾಗ ಈ ಎರಡೂ ಪದ ಕೈಗೆ ಸಿಗುತ್ತವೆ. ಆದರೆ ಒಂದರ ಜಾಗಕ್ಕೆ ಇನ್ನೊಂದು ಸುಮ್ನೆ ಬರುವುದಿಲ್ಲ.

ತಟ ಅಂದರೆ ದಡ. ತಟಸ್ಥ ಅಂದರೆ ದಡದಲ್ಲೇ ನಿಂತವನು. ಜಗಳಕ್ಕೆ ಇಳಿಯುವುದಿಲ್ಲ, ತೀರ್ಪನ್ನೂ ಕೊಡುವುದಿಲ್ಲ. ಯುದ್ಧದಲ್ಲಿ ಯಾರ ಜೊತೆಗೂ ಸೇರದ ದೇಶ ತಟಸ್ಥ. 1815ರಲ್ಲಿ ಯುರೋಪಿನ ದೊಡ್ಡ ದೇಶಗಳು ಒಪ್ಪಿಕೊಂಡದ್ದು ಸ್ವಿಟ್ಜರ್‌ಲ್ಯಾಂಡಿನ ಇಂಥ ತಟಸ್ಥ ನಿಲುವನ್ನೇ. ಅದನ್ನು ‘ನಿಷ್ಪಕ್ಷಪಾತ ದೇಶ’ ಅಂದರೆ ಕಿವಿಗೆ ಒಗ್ಗುವುದಿಲ್ಲ, ಅಲ್ವಾ?

ನಿಷ್ಪಕ್ಷಪಾತಿಗೆ ದೂರ ನಿಲ್ಲುವ ಅವಕಾಶವಿಲ್ಲ. ನ್ಯಾಯಾಧೀಶರು ಒಬ್ಬರ ವಿರುದ್ಧ ತೀರ್ಪು ಕೊಡಲೇಬೇಕು. ಪಕ್ಷಪಾತ ಅಂದರೆ ಒಂದು ಕಡೆಗೆ ಬೀಳುವುದು. ಹಾಗೆ ಬೀಳದೆ ನಿರ್ಧಾರ ಮಾಡಿದರೆ ನಿಷ್ಪಕ್ಷಪಾತ. ಹಾಗಾಗಿ ತನಿಖೆ, ಚುನಾವಣೆ, ತೀರ್ಪು, ಆಯ್ಕೆ, ಇವುಗಳಿಗೆಲ್ಲ ಇದೇ ಸರಿ. ಮನುಷ್ಯನಿಗೆ ‘ನಿಷ್ಪಕ್ಷಪಾತಿ’, ಕೆಲಸದ ರೀತಿಗೆ ‘ನಿಷ್ಪಕ್ಷಪಾತವಾಗಿ’. ಉದ್ದವಾಯಿತು ಅನಿಸಿದರೆ ‘ಪಕ್ಷಪಾತವಿಲ್ಲದೆ’ ಅನ್ನಿ. ನನಗಂತೂ ಅದೇ ಜಾಸ್ತಿ ಇಷ್ಟ.

ಇದ್ದದ್ದನ್ನು ಇದ್ದ ಹಾಗೆ ಹೇಳುವ ವರದಿ, ಅಳತೆಗಳಿಗೆ ಈ ಎರಡೂ ಬೇಡ, ‘ವಸ್ತುನಿಷ್ಠ’ ಸಾಕು.

ಕ್ರಿಕೆಟ್‌ನಲ್ಲಿ ಮಾತ್ರ ಎರಡೂ ಒಟ್ಟಿಗೆ ಬರುತ್ತವೆ. ತಟಸ್ಥ ಅಂಪೈರ್ ಅಂದರೆ ಆಡುವ ಎರಡೂ ದೇಶಕ್ಕೆ ಸೇರದವರು. ಅವರು ನಿಷ್ಪಕ್ಷಪಾತಿಯೂ ಹೌದೇ ಅನ್ನುವುದು ಬೆರಳು ಎತ್ತಿದಾಗಲೇ ಗೊತ್ತಾಗುವುದು.